ಘಟ್ಟ ಇಳಿದರೆ ಕಡಲು

ಮಸ್ಕತ್‌ನಲ್ಲಿ ನನ್ನ ಮನೆಯಿಂದ ಕಡಲಿಗೆ ಕಾರಿನಲ್ಲಿ ಹತ್ತು ನಿಮಿಷ. ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ವಾರಕ್ಕೆ ಎರಡು ಸಲವಾದರೂ ಕುರುಮ್ ಬೀಚಿನಲ್ಲಿ ನಡೆದು ಬರುತ್ತೇನೆ. ಹನ್ನೊಂದು ವರ್ಷದಿಂದ ಇದು ಅಭ್ಯಾಸ. ಆದರೆ ಕೊಡಗಿನ ನಮ್ಮ ವಿರಾಜಪೇಟೆ ಕಡೆಗೆ ಎಲ್ಲಕ್ಕಿಂತ ಹತ್ತಿರ ಇರುವ ಕಡಲಿಗೆ ನಾನು ಒಮ್ಮೆಯೂ ಹೋಗಿರಲಿಲ್ಲ.

ಹತ್ತಿರ ಅಂದರೆ ತುಂಬಾ ಹತ್ತಿರ. ವಿರಾಜಪೇಟೆಯಿಂದ ಕಣ್ಣೂರಿಗೆ 75–80 ಕಿಲೋಮೀಟರ್. ಮೈಸೂರೇ ಇದಕ್ಕಿಂತ ದೂರ. 2018ರ ಡಿಸೆಂಬರ್ 9ರಂದು ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ನಾನು ರಜೆಗೆ ಬಂದು ಇಳಿಯುವುದೂ ಅಲ್ಲಿಯೇ. ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಇಳಿದು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಬೇಕಿತ್ತು. ಈಗ ಮಟ್ಟನ್ನೂರಿನಲ್ಲಿ ಇಳಿದರೆ ಎರಡು-ಎರಡೂವರೆ ಗಂಟೆಯಲ್ಲಿ ಮನೆ. ವಿಮಾನ ತಗ್ಗುವಾಗ ಕಿಟಕಿಯಲ್ಲಿ ನೊರೆಯ ಒಂದು ಗೆರೆ ಕಾಣುತ್ತದೆ. ಆಮೇಲೆ ತೆಂಗು, ಆಮೇಲೆ ರನ್‌ವೇ. ಹೊರಗೆ ಬಂದವಳೇ ಕಡಲಿಗೆ ಬೆನ್ನು ಹಾಕಿ ಇರಿಟ್ಟಿ ದಾರಿ ಹಿಡಿಯುತ್ತಿದ್ದೆ. ಮನೆಯಲ್ಲಿ ಅಮ್ಮ ಕಾಯುತ್ತಿರುತ್ತಾರೆ. ಇಪ್ಪತ್ತೈದು ಕಿಲೋಮೀಟರ್ ಆ ಕಡೆ ಹೋಗಿ ಬರೋಣ ಅಂತ ಒಂದು ಸಲವೂ ಹೊಳೆದಿರಲಿಲ್ಲ.

ಈ ಸಲ ಆ ಮಾತು ತೆಗೆದವಳು ಸುಂಟಿಕೊಪ್ಪ. ನಾವು ನಾಲ್ವರು ವಿರಾಜಪೇಟೆಯಲ್ಲಿ ಪಿಯುಸಿ ಓದುವಾಗ ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದವರು. ಆಗ ಎಲ್ಲರನ್ನೂ ಊರಿನ ಹೆಸರು ಹಿಡಿದೇ ಕರೆಯುವುದು. ಇವತ್ತಿಗೂ ಹಾಗೆಯೇ. ನಾನು ಅಮ್ಮತ್ತಿ. ಸುಂಟಿಕೊಪ್ಪ ಈಗ ಐರ್ಲೆಂಡಿನ ಕಾರ್ಕ್‌ನಲ್ಲಿ ನರ್ಸ್. ಸಿದ್ದಾಪುರ, ಅವಳು ಸರ್ಕಾರಿ ಶಾಲೆಯಲ್ಲಿ ಟೀಚರ್. ಶೆಟ್ಟಿಗೇರಿ, ಅಂದರೆ ಟಿ. ಶೆಟ್ಟಿಗೇರಿಯವಳು, ಅಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುತ್ತಿದ್ದಾಳೆ.

"ನಿಂಗೂ ಕಡಲುಂಟು, ನಂಗೂ ಕಡಲುಂಟು. ನನ್ನ ಕಡಲಿಗೆ ಕಾಲಿಟ್ಟರೆ ಮೂಳೆಯೊಳಗೆ ಚಳಿ ಹೋಗ್ತದೆ. ಒಂದ್ಸಲ ನಾಲ್ಕೂ ಜನ ನಮ್ಮ ಕಡಲಿಗೆ ಹೋಗುವ" ಅಂದಳು ಸುಂಟಿಕೊಪ್ಪ. ಅವಳ ರಜೆ, ನನ್ನ ರಜೆ, ಶಾಲೆ, ಕಾಫಿ ಕೊಯ್ಲು ಎಲ್ಲ ನೋಡಿ ದಿನ ಗೊತ್ತುಮಾಡಲು ಎಂಟು ತಿಂಗಳು ಹಿಡಿಯಿತು. ಕೊನೆಗೆ ಫೆಬ್ರವರಿಯ ಕೊನೆಯ ವಾರ ಸಿಕ್ಕಿತು.

ಬುಧವಾರ

ಎಲ್ಲರೂ ಸಂಜೆಗೆ ಶೆಟ್ಟಿಗೇರಿಯ ಮನೆ ಸೇರಿದೆವು. ರೋಬಸ್ಟಾ ಕೊಯ್ಲು ಮುಗಿದಿತ್ತು. ಕಣದ ತುಂಬ ಕಾಫಿ ಹರಡಿತ್ತು. ಹಣ್ಣಾಗಿದ್ದಾಗ ಕೆಂಪಗಿದ್ದದ್ದು ಬಿಸಿಲಿಗೆ ಕಪ್ಪಾಗಿ ಸುಕ್ಕುಗಟ್ಟಿತ್ತು. ಅವಳು ಬಗ್ಗಿ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ನನಗೂ ಕೇಳಿಸಿದಳು. ಚೆನ್ನಾಗಿ ಒಣಗಿದ್ದರೆ ಒಳಗಿನ ಬೀಜ ಗಿಲಿಗಿಲಿ ಅನ್ನಬೇಕು. ಕೆಲವು ಅಂದವು, ಕೆಲವು ಸುಮ್ಮನಿದ್ದವು.

"ಇನ್ನೂ ನಾಲ್ಕೈದು ದಿನ ಬಿಸಿಲು ಬೇಕು. ಆಮೇಲೆ ಮಳೆ ಬರ್ಲಿ."

ತೋಟದವರಿಗೆ ಈ ಹೊತ್ತು ಬಹಳ ಕಷ್ಟದ್ದು. ಗಿಡಕ್ಕೆ ಹೂಮಳೆ ಬೇಕು. ಆ ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಇಡೀ ತೋಟ ಮಲ್ಲಿಗೆಯಂತೆ ಬೆಳ್ಳಗಾಗುತ್ತದೆ, ಮುಂದಿನ ವರ್ಷದ ಫಸಲು ಅದರ ಮೇಲೇ ನಿಂತಿದೆ. ಆದರೆ ಈ ವರ್ಷದ ಫಸಲು ಕಣದಲ್ಲಿರುವಾಗಲೇ ಮಳೆ ಬಂದರೆ ಒಣಗಿದ್ದೆಲ್ಲ ನೆನೆದು ಬೂಸ್ಟು ಹಿಡಿಯುತ್ತದೆ. ಒಂದೇ ಮಳೆಯನ್ನು ಬಾ ಅಂತಲೂ ಬರಬೇಡ ಅಂತಲೂ ಕೇಳಿಕೊಳ್ಳಬೇಕು.

ರಾತ್ರಿ ಕಡಂಬುಟ್ಟು, ಪಂದಿಕರಿ ಊಟ ಮಾಡಿ ಜಗಲಿಯಲ್ಲಿ ಕೂತಾಗ ಕೆಳಗೆ ತೋಡಿನ ಸದ್ದು ಕೇಳುತ್ತಿತ್ತು. ಬೇಸಿಗೆಯಾದ್ದರಿಂದ ಸಣ್ಣ ಸದ್ದು. ಆ ತೋಡು ಬರಪೊಳೆಗೆ ಸೇರುತ್ತದೆ ಅಂದಳು ಶೆಟ್ಟಿಗೇರಿ. ಬರಪೊಳೆ ಕಾಡಿನಲ್ಲೇ ಘಟ್ಟ ಇಳಿದು ಕೇರಳಕ್ಕೆ ಹೋಗಿ, ವಳಪಟ್ಟಣಂ ಹೊಳೆಗೆ ಸೇರಿ, ಕಣ್ಣೂರಿನ ಹತ್ತಿರ ಕಡಲು ಮುಟ್ಟುತ್ತದೆ. ಮಳೆಗಾಲದಲ್ಲಿ ಜನ ರಾಫ್ಟಿಂಗ್‌ಗೆ ಬರುವುದು ಇದೇ ಹೊಳೆಗೆ.

"ನಮ್ಮ ಕಾವೇರಿ ಮಾತ್ರ ಕಡಲನ್ನು ಬೆನ್ನ ಹಿಂದೆ ಬಿಟ್ಟು 800 ಕಿಲೋಮೀಟರ್ ಆ ಕಡೆ ಹೋಗ್ತಾಳೆ" ಅಂದಳು ಸಿದ್ದಾಪುರ. ಸ್ವಲ್ಪ ಹೊತ್ತು ಬಿಟ್ಟು, "ನಾನು ಬರ್ತೇನೆ. ನೀರಿಗೆ ಮಾತ್ರ ಕರೀಬೇಡಿ" ಅಂದಳು.

ನಮಗೆ ಗೊತ್ತಿತ್ತು. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ ಎಲ್ಲ ಮುಳುಗಿದಾಗ ಅವಳ ತವರುಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಅಡುಗೆಮನೆಯ ಗೋಡೆ ಇರಲಿಲ್ಲ. ಅಂದಿನಿಂದ ಅವಳು ಹೊಳೆಯ ಹತ್ತಿರವೂ ಹೋಗುವುದಿಲ್ಲ. ನಾವು ಯಾರೂ ಏನೂ ಅನ್ನಲಿಲ್ಲ. ಸುಂಟಿಕೊಪ್ಪ ಅವಳ ಕಾಲ ಮೇಲೆ ಕಂಬಳಿ ಎಳೆದಳು, ಅಷ್ಟೇ.

ಗುರುವಾರ

ಏಳು ಗಂಟೆಗೆ ಹೊರಟೆವು. ಬೊಲೆರೊ ಓಡಿಸುವವಳು ಶೆಟ್ಟಿಗೇರಿ. ಅವಳ ಅವ್ವ ಬುತ್ತಿಯ ಜೊತೆ ಒಂದು ಸಣ್ಣ ಬಾಟಲಿ ಕಾಚಂಪುಳಿಯನ್ನೂ, ಅಂದರೆ ನಮ್ಮ ಕಡೆಯ ಹುಳಿಯನ್ನೂ, ಬಟ್ಟೆಯಲ್ಲಿ ಸುತ್ತಿ ಕೊಟ್ಟರು. "ಕೆಳಗೆ ಮೀನು ಸಿಕ್ಕರೆ ಹಾಕಿಸಿ" ಅಂದರು.

ವಿರಾಜಪೇಟೆಯಲ್ಲಿ ಟೀ ಕುಡಿದು ಪೆರುಂಬಾಡಿ ದಾಟಿದರೆ ಘಟ್ಟ ಶುರು. ಈ ರಸ್ತೆಯನ್ನು ನಾನು ಎಷ್ಟು ಸಲ ನಿದ್ದೆಗಣ್ಣಿನಲ್ಲಿ ದಾಟಿದ್ದೇನೋ. ಹಗಲಿನಲ್ಲಿ ಗೆಳತಿಯರ ಜೊತೆ ನಿಧಾನವಾಗಿ ಇಳಿದದ್ದು ಇದೇ ಮೊದಲು. ಎರಡೂ ಕಡೆ ಬ್ರಹ್ಮಗಿರಿಯ ಕಾಡು. ಬಿಸಿಲು ಎಲೆಗಳ ನಡುವೆ ಅಲ್ಲಲ್ಲಿ ಮಾತ್ರ ರಸ್ತೆಗೆ ಬೀಳುತ್ತದೆ. 2018ರ ಮಳೆಯಲ್ಲಿ ಗುಡ್ಡ ಜರಿದು ಈ ದಾರಿ ಮುಚ್ಚಿಯೇ ಹೋಗಿತ್ತು. ಮಣ್ಣು ಕುಸಿದ ಜಾಗಗಳಲ್ಲಿ ಈಗ ಗಿಡ ಬೆಳೆದಿದೆ, ಆದರೆ ಸುತ್ತಲಿನ ಹಳೆಯ ಮರಗಳ ನಡುವೆ ಆ ಎಳೆ ಹಸಿರು ಬೇರೆಯಾಗಿಯೇ ಕಾಣುತ್ತದೆ.

ಸಿದ್ದಾಪುರ ಮಕ್ಕಳಿಗೆ ಹೇಳುವ ಹಾಗೆ ನಮಗೂ ಹೇಳುತ್ತ ಬಂದಳು. ಟಿಪ್ಪುವಿನ ಮೇಲಿನ ಯುದ್ಧಕ್ಕೆ ಇಂಗ್ಲಿಷರ ಜನರಲ್ ಅಬರ್‌ಕ್ರಾಂಬಿಯ ಸೈನ್ಯ ಮಲಬಾರಿನಿಂದ ಘಟ್ಟ ಹತ್ತಿ ಕೊಡಗಿನ ಮೇಲೆ ಹಾದು ಶ್ರೀರಂಗಪಟ್ಟಣಕ್ಕೆ ಹೋಯಿತು. ಅವನನ್ನು ಭೇಟಿಯಾದ ನೆನಪಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು ವೀರರಾಜೇಂದ್ರಪೇಟೆ. ಅದೇ ಜನರ ಬಾಯಲ್ಲಿ ವಿರಾಜಪೇಟೆ. "ಸೈನ್ಯ ಬಂದದ್ದು ಯಾವಾಗ್ಲೋ ಒಮ್ಮೆ. ದಿನಾ ನಡೆದದ್ದು ಹೇರೆತ್ತುಗಳು" ಅಂದಳು. ಕೊಡಗಿನ ಅಕ್ಕಿ ಕೆಳಗೆ ಹೋಗುತ್ತಿತ್ತು, ಉಪ್ಪು ಮೇಲೆ ಬರುತ್ತಿತ್ತು. ಕಾಫಿ ಬಂದ ಕಾಲದಲ್ಲಿ ಕೊಡಗಿನ ಕಾಫಿ ತಲಶ್ಶೇರಿಗೆ ಇಳಿದು, ಅಲ್ಲಿ ಹದವಾಗಿ, ಹಡಗು ಹತ್ತಿತು. ಇವತ್ತಿಗೂ ಫೆಬ್ರವರಿಯಲ್ಲಿ ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಶಿವ ದೇವಸ್ಥಾನದ ಊಟ್ಟು ಉತ್ಸವಕ್ಕೆ ಕೊಡಗಿನಿಂದ ಎತ್ತಿನ ಮೇಲೆ ಅಕ್ಕಿ ಹೋಗುತ್ತದೆ. ಉಳಿಕ್ಕಲ್ ಹತ್ತಿರದ ವಯತ್ತೂರು ದೇವರನ್ನು ನಾವು ಬೈತೂರಪ್ಪ ಅಂತ ಕರೆದು ಕೈಮುಗಿಯುತ್ತೇವೆ.

ನನಗೆ ನಮ್ಮಜ್ಜಿಯ ಉಪ್ಪಿನ ಮರಿಗೆ ನೆನಪಾಯಿತು. ಒಲೆಯ ಪಕ್ಕದಲ್ಲಿ, ಹೊಗೆಗೆ ಕಪ್ಪಾಗಿ, ಯಾವಾಗಲೂ ಸ್ವಲ್ಪ ಒದ್ದೆ. ಅಜ್ಜಿ ಕಡಲು ನೋಡಿದವರಲ್ಲ.

ತಿರುವುಗಳಲ್ಲಿ ಮೀನಿನ ಗಾಡಿಗಳು ಎದುರಾದವು. ಡಬ್ಬಗಳಿಂದ ಐಸಿನ ನೀರು ಸೋರಿ ರಸ್ತೆಯಲ್ಲಿ ಉದ್ದಕ್ಕೂ ಒದ್ದೆ ಗೆರೆ. ಬೆಳಗ್ಗೆ ನಮ್ಮ ಮನೆ ಗೇಟಿನಲ್ಲಿ ಹಾರ್ನ್ ಹೊಡೆಯುವ ಮತ್ತಿ, ಅಯಿಲೆ ಎಲ್ಲ ಹೀಗೆ ಬರುವುದು. ಮಾಕುಟ್ಟದ ಚೆಕ್‌ಪೋಸ್ಟ್ ದಾಟಿ, ಕೂಟುಪುಳದ ಸೇತುವೆ ದಾಟಿದ ಕೂಡಲೇ ಕಿವಿ ಬಿಟ್ಟುಕೊಂಡಿತು, ಸ್ವೆಟರ್ ಕಳಚಿದೆವು. ಇರಿಟ್ಟಿ ಸೇತುವೆಯ ಮೇಲೆ ಶೆಟ್ಟಿಗೇರಿ ಗಾಡಿ ನಿಧಾನ ಮಾಡಿ ಕಿಟಕಿಯಿಂದ ಕೆಳಗೆ ತೋರಿಸಿದಳು. ಪಳಶ್ಶಿ ಅಣೆಕಟ್ಟಿನ ಹಿನ್ನೀರು ಅಗಲವಾಗಿ, ಅಲ್ಲಾಡದೆ ನಿಂತಿತ್ತು. "ನಮ್ಮ ತೋಡು ಇದರಲ್ಲುಂಟು."

ಮಟ್ಟನ್ನೂರಿನಲ್ಲಿ ವಿಮಾನ ನಿಲ್ದಾಣದ ಬೋರ್ಡು ಬಂತು. ಮೊದಲ ಸಲ ಅದನ್ನು ದಾಟಿ ಮುಂದೆ ಹೋದೆ.

ಉಳಿದುಕೊಂಡದ್ದು ಕಣ್ಣೂರಿಗೆ ಸ್ವಲ್ಪ ದಕ್ಷಿಣಕ್ಕೆ, ತೋಟ್ಟಡದ ಒಂದು ಮನೆಯಲ್ಲಿ. ಕೆಂಪು ಮುರಕಲ್ಲಿನ ದಿಬ್ಬದ ಮೇಲೆ ಮನೆ, ಕೆಳಗೆ ತೆಂಗಿನ ಸಾಲು, ಅದರಾಚೆ ಮರಳು. ಮನೆಯವರನ್ನು ಮೊದಲ ಗಂಟೆಯಲ್ಲೇ ಚೇಚಿ, ಅಂದರೆ ಅಕ್ಕ, ಅಂತ ಕರೆಯಲು ಶುರುಮಾಡಿದೆವು. ಅವರದು ಮಲಯಾಳಂ, ನಮ್ಮದು ಕನ್ನಡ, ನಡುವೆ ಶೆಟ್ಟಿಗೇರಿಯ ಕೊಡವ ತಕ್ಕ್. ಎಲ್ಲರಿಗೂ ಎಲ್ಲವೂ ಅರ್ಥವಾಯಿತು.

ಆ ಸಂಜೆ ಏನೂ ಮಾಡಲಿಲ್ಲ. ಮಸ್ಕತ್‌ನಲ್ಲಿ ನಾನು ಕಡಲ ಬದಿಯಲ್ಲಿ ಶೂ ಹಾಕಿ, ಹೆಜ್ಜೆ ಎಣಿಸುವ ವಾಚ್ ಕಟ್ಟಿ ನಡೆಯುವವಳು. ಅಲ್ಲಿ ಕಡಲು ಈಶಾನ್ಯಕ್ಕಿದೆ, ಸೂರ್ಯ ಮುಳುಗುವುದು ಬೆಟ್ಟದ ಹಿಂದೆ. ಇಲ್ಲಿ ಎದುರಿಗೇ ನೀರಿಗೆ ಇಳಿಯಿತು. ಚಪ್ಪಲಿ ಬಿಟ್ಟು ಮರಳಿನಲ್ಲಿ ಕಾಲು ಚಾಚಿ ಕೂತೆ. ಒಮಾನ್ ಕೊಲ್ಲಿಯ ಆಚೆ ತೆರೆದುಕೊಳ್ಳುವುದೂ ಇದೇ ಅರಬ್ಬಿ ಸಮುದ್ರ. ಇಷ್ಟು ವರ್ಷ ಅದರ ಇನ್ನೊಂದು ದಡದಲ್ಲಿ ಕೂತು ಮನೆ ನೆನೆಸಿಕೊಂಡಿದ್ದೇನೆ. ವಾಚ್ ಬಿಚ್ಚಿ ಬ್ಯಾಗಿಗೆ ಹಾಕಿದೆ. ಸಿದ್ದಾಪುರ ದಿಬ್ಬದ ಮೆಟ್ಟಿಲಿನ ಮೇಲೇ ಕೂತಿದ್ದಳು. ಕತ್ತಲಾಗುವವರೆಗೂ ಅಲ್ಲಿಂದಲೇ ನಮ್ಮ ಜೊತೆ ಮಾತಾಡಿದಳು.

ಶುಕ್ರವಾರ

ಮುಳಪ್ಪಿಲಂಗಾಡ್ ಬೀಚಿಗೆ ಹೋದದ್ದು ಶೆಟ್ಟಿಗೇರಿಗೋಸ್ಕರ. ಅಲ್ಲಿ ಮರಳಿನ ಮೇಲೆ ಗಾಡಿ ಓಡಿಸಬಹುದು, ಸುಮಾರು 4 ಕಿಲೋಮೀಟರ್ ಉದ್ದಕ್ಕೆ. ಇಳಿತದ ಹೊತ್ತು ನೋಡಿಕೊಂಡು ಬನ್ನಿ ಅಂತ ಚೇಚಿ ಹೇಳಿದ್ದರು. ನೀರು ಹಿಂದೆ ಸರಿದಾಗ ಒದ್ದೆ ಮರಳು ಗಟ್ಟಿಯಾಗಿ ಕೂತಿರುತ್ತದೆ, ಸಿಮೆಂಟಿನ ನೆಲದಂತೆ. ಅದರ ಮೇಲೆ ಗಾಡಿ ಹೋಗುವಾಗ ಸದ್ದೇ ಇಲ್ಲ. ಘಟ್ಟದ ತಿರುವು, ತೋಟದ ಕಲ್ಲು ದಾರಿ ಬಿಟ್ಟು ಬೇರೆ ಏನೂ ಓಡಿಸದವಳು ಕಿಟಕಿ ಇಳಿಸಿ, ಕೂದಲು ಬಿಟ್ಟುಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರು ಸಲ ಹೋಗಿ ಬಂದಳು. ಅಪ್ಪ ತೀರಿಕೊಂಡ ಆರು ವರ್ಷದಲ್ಲಿ ಅವಳು ಹೀಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ನೆರಳಿಗೆ ನಿಲ್ಲಿಸೋಣ ಅಂತ ಗಾಳಿಮರಗಳ ಕಡೆ ತಿರುಗಿಸಿದಳು. ಅಲ್ಲಿ ಮರಳು ಒಣ. ಹತ್ತು ಅಡಿ ಹೋಗುವಷ್ಟರಲ್ಲಿ ಹಿಂದಿನ ಚಕ್ರ ಹೂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ ಹೋಯಿತು. ಚೆಂಡಾಡುತ್ತಿದ್ದ ಹುಡುಗರು ಓಡಿ ಬಂದು ತಳ್ಳಿದರು. ಆಗಲಿಲ್ಲ. ನೀರು ಏರುವ ಹೊತ್ತು ಹತ್ತಿರ ಬರುತ್ತಿತ್ತು. ಶೆಟ್ಟಿಗೇರಿಯ ಮುಖ ಬಿಳಚಿಕೊಂಡಿತು. ತೋಟಕ್ಕೆ ಇರುವುದು ಅದೊಂದೇ ಗಾಡಿ.

ನನಗೆ ಒಮಾನಿನ ವಾಹಿಬಾ ಮರಳುಗಾಡು ನೆನಪಾಯಿತು. ಅಲ್ಲಿಗೆ ಹೋಗುವವರು ಬಿದಿಯಾ ಊರಿನಲ್ಲೇ ನಿಂತು ನಾಲ್ಕೂ ಟಯರಿನ ಗಾಳಿ ಅರ್ಧಕ್ಕೆ ಇಳಿಸಿಕೊಳ್ಳುತ್ತಾರೆ. ಗಾಳಿ ಕಮ್ಮಿಯಾದರೆ ಟಯರ್ ಚಪ್ಪಟೆಯಾಗಿ ಅಗಲವಾಗುತ್ತದೆ, ಭಾರ ಹರಡಿಕೊಳ್ಳುತ್ತದೆ, ಮರಳಿನೊಳಗೆ ಇಳಿಯುವುದಿಲ್ಲ. "ಗಾಳಿ ಬಿಡುವ" ಅಂದೆ. "ಇದ್ದ ಗಾಳಿಯೂ ಬಿಟ್ಟರೆ ಹೇಗೆ ಮಾರಾಯ್ತಿ?" ಅಂತ ಅವಳು ಗಾಬರಿಯಾದಳು. ನಾನು ಮಂಡಿಯೂರಿ ವಾಲ್ವಿನ ಮುಚ್ಚಳ ತೆಗೆದು ಕೀಲಿ ಕೈಯ ತುದಿಯಿಂದ ಒಳಗಿನ ಮೊಳೆ ಒತ್ತಿದೆ. ಸುಯ್ಯ್ ಅಂತ ಬಿಸಿ ರಬ್ಬರಿನ ವಾಸನೆಯ ಗಾಳಿ ಮುಖಕ್ಕೆ ಬಡಿಯಿತು. ಸುಂಟಿಕೊಪ್ಪ ಇನ್ನೊಂದು ಚಕ್ರ ಹಿಡಿದಳು. ಟಯರಿನ ಪಕ್ಕ ಉಬ್ಬಿ, ಕೆಳಭಾಗ ಮರಳಿನ ಮೇಲೆ ಚಪ್ಪಟೆಯಾಗಿ ಕೂರುವವರೆಗೆ ಬಿಟ್ಟೆವು. ಚಕ್ರದ ಹಿಂದಿನ ಮರಳನ್ನು ಕೈಯಲ್ಲೇ ತೋಡಿ, ತೆಂಗಿನ ಗರಿ ಹಾಸಿ, ರಿವರ್ಸ್‌ನಲ್ಲಿ ಮೆಲ್ಲಗೆ ಬಿಡು ಅಂದೆ. ಹುಡುಗರು ಮುಂದಿನಿಂದ ತಳ್ಳಿದರು. ಗಾಡಿ ಒಮ್ಮೆ ತೂಗಿ, ಗರಿ ಹತ್ತಿ, ಹಿಂದಕ್ಕೆ ಬಂದು ಗಟ್ಟಿ ನೆಲ ಮುಟ್ಟಿತು. ಹುಡುಗರು ಶಿಳ್ಳೆ ಹೊಡೆದರು. ಅವರಿಗೆಲ್ಲ ಐಸ್‌ಕ್ರೀಮ್ ಕೊಡಿಸಿದೆವು. ಗಾಳಿ ತುಂಬಿಸಲು ಹೆದ್ದಾರಿಯ ಬಂಕಿನವರೆಗೆ ನಡಿಗೆಯ ವೇಗದಲ್ಲಿ ಹೋದೆವು.

ಈ ಗಡಿಬಿಡಿಯಲ್ಲಿ ಸಿದ್ದಾಪುರ ಎಲ್ಲಿ ಅಂತ ಯಾರೂ ನೋಡಿರಲಿಲ್ಲ. ಆಮೇಲೆ ತಿರುಗಿ ನೋಡಿದರೆ ಕಪ್ಪು ಬಂಡೆಗಳ ಹತ್ತಿರ ನಿಂತಿದ್ದಳು. ಆ ಬಂಡೆಗಳು ಅಲೆಯನ್ನು ತಡೆಯುವುದರಿಂದ ಒಳಗಿನ ನೀರು ಕೆರೆಯ ಹಾಗೆ ಶಾಂತ. ಇಳಿತದಲ್ಲಿ ಬಂಡೆಯ ಗುಳಿಗಳಲ್ಲಿ ಮೊಣಕಾಲಿಗಿಂತ ಕೆಳಗಿನಷ್ಟು ನೀರು ಉಳಿದಿರುತ್ತದೆ. ಅವಳು ಅಂಥ ಒಂದು ಗುಳಿಯೊಳಗೆ ನಿಂತು, ಸೀರೆ ಎತ್ತಿ ಹಿಡಿದು, ಬಗ್ಗಿ ಏನೋ ನೋಡುತ್ತಿದ್ದಳು. ಒಂದು ಸಣ್ಣ ಏಡಿ ಶಂಖದ ಚಿಪ್ಪನ್ನು ಹೊತ್ತುಕೊಂಡು ಅವಳ ಪಾದದ ಸುತ್ತ ಹೋಗುತ್ತಿತ್ತು. ನಾವು ಹತ್ತಿರ ಹೋಗಲಿಲ್ಲ. ಅವಳೇ ಕರೆಯಲಿ ಅಂತ ಕಾದೆವು. ಕಾಲು ಗಂಟೆಯಾದ ಮೇಲೆ ಕರೆದಳು: "ಬನ್ನಿ, ಇದನ್ನು ನೋಡಿ. ಮನೆ ಹೊತ್ತುಕೊಂಡೇ ತಿರುಗ್ತದೆ."

ಸಂಜೆ ಚೇಚಿಯ ಅಡುಗೆಮನೆ. ನಾವು ತಂದ ಅಯಿಲೆ ಮೀನು ತೊಳೆದು ಇಟ್ಟಿದ್ದರು. ಶೆಟ್ಟಿಗೇರಿ ಕಾಚಂಪುಳಿ ಬಾಟಲಿ ಮುಂದಿಟ್ಟಳು. ಚೇಚಿ ಬಿರಡೆ ತೆಗೆದು ಮೂಸಿ, ಕಣ್ಣು ಮುಚ್ಚಿ, "ಕುಡಂಪುಳಿ!" ಅಂದರು. ಸರಿಯಾಗಿಯೇ ಹೇಳಿದರು. ಹಣ್ಣು ಒಂದೇ. ಅವರು ಅದರ ಸಿಪ್ಪೆಯನ್ನು ಒಣಗಿಸಿ ಇಡುತ್ತಾರೆ. ನಾವು ಹಣ್ಣಿನ ರಸ ಇಳಿಸಿ, ಗಂಟೆಗಟ್ಟಲೆ ಕುದಿಸಿ, ಜೇನಿಗಿಂತ ಕಪ್ಪಗೆ ಮಂದ ಮಾಡಿ ಬಾಟಲಿಗೆ ತುಂಬುತ್ತೇವೆ. ಕೆಳಗಿನವರಿಗೂ ಮೇಲಿನವರಿಗೂ ಹುಳಿ ಕೊಟ್ಟದ್ದು ಒಂದೇ ಮರ. ಚೇಚಿ ಅರ್ಧ ಚಮಚ ಹಾಕಿದರು. ಸಾಕು. ಸಾರಿನ ಬಣ್ಣ ಕಡುವಾಯಿತು, ವಾಸನೆ ಹಜಾರದವರೆಗೆ ಬಂತು. ಜೊತೆಗೆ ಅರಿಕ್ಕಡುಕ್ಕ ಮಾಡಿದ್ದರು. ಬಂಡೆಗೆ ಅಂಟಿ ಬೆಳೆಯುವ ಕಲ್ಲುಮ್ಮಕ್ಕಾಯಿಯ ಚಿಪ್ಪಿನೊಳಗೆ ಅಕ್ಕಿ-ತೆಂಗಿನ ಹಿಟ್ಟು ತುಂಬಿ, ಬೇಯಿಸಿ, ಖಾರ ಹಚ್ಚಿ ಕರಿಯುವುದು. ನಾನು ಒಂಬತ್ತು ತಿಂದೆ. ಉಳಿದ ಕಾಚಂಪುಳಿಯನ್ನು ಅಲ್ಲೇ ಬಿಟ್ಟು ಬಂದೆವು.

ಶನಿವಾರ

ಬೆಳಗ್ಗೆ ಕಣ್ಣೂರು ಕೋಟೆ. 1505ರಲ್ಲಿ ಪೋರ್ಚುಗೀಸರು ಕಟ್ಟಿದ್ದು, ಆಮೇಲೆ ಡಚ್ಚರು, ಅರಕ್ಕಲ್ ಮನೆತನ, ಇಂಗ್ಲಿಷರು ಒಬ್ಬರಾದ ಮೇಲೆ ಒಬ್ಬರು ಹಿಡಿದದ್ದು. ಗೋಡೆಯ ಮೇಲಿಂದ ಮಾಪ್ಪಿಳ ಬೇಯ ದೋಣಿಗಳು ಚೆನ್ನಾಗಿ ಕಾಣುತ್ತವೆ. ಬಿಸಿಲು ಜಾಸ್ತಿ ಇತ್ತು, ಬೇಗ ಇಳಿದೆವು.

ಅಲ್ಲಿಂದ ಇಂಡಿಯನ್ ಕಾಫಿ ಹೌಸ್. ಕಾಫಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಮಾತಿನ ಮೇಲೆ ಸಹಕಾರ ಸಂಘ ಕಟ್ಟಿಕೊಂಡರು. ಕೇರಳದಲ್ಲಿ 1958ರಲ್ಲಿ ಶುರುವಾದದ್ದು. ಬಿಳಿ ಬಟ್ಟೆ, ತಲೆಗೆ ಬೀಸಣಿಗೆಯಂಥ ಪೇಟ ಕಟ್ಟಿದವರು ಕಾಫಿ ತಂದಿಟ್ಟರು. ಶೆಟ್ಟಿಗೇರಿ ಒಂದು ಗುಟುಕು ಕುಡಿದು, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, "ರೋಬಸ್ಟಾ ಉಂಟು ಇದರಲ್ಲಿ" ಅಂದಳು. ಕಾಫಿ ಬೆಳೆಯುವವಳು ಬೇರೆ ಊರಿನ ಮೇಜಿನಲ್ಲಿ ಕೂತು ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ ರೀತಿ ನನಗೆ ತುಂಬಾ ಇಷ್ಟವಾಯಿತು.

ಸಂಜೆ ಪರಶ್ಶಿನಿಕಡವು. ಮುತ್ತಪ್ಪನ ದೇವಸ್ಥಾನ ವಳಪಟ್ಟಣಂ ಹೊಳೆಯ ದಡದಲ್ಲೇ ಇದೆ. ಮಡಿಕೇರಿಯಲ್ಲೂ ಮುತ್ತಪ್ಪನ ಗುಡಿ ಇದೆ, ನಮ್ಮ ಕಡೆಯ ತೆರೆ, ಅಂದರೆ ದೈವದ ವೇಷ ಕಟ್ಟಿ ಕುಣಿಯುವುದನ್ನು, ನೋಡಿ ಬೆಳೆದವರಿಗೆ ಇಲ್ಲಿಯ ತೆಯ್ಯಂ ಹೊಸದಲ್ಲ. ಆದರೆ ನಮ್ಮಲ್ಲಿ ವರ್ಷಕ್ಕೊಮ್ಮೆ ಕಾಯಬೇಕು. ಇಲ್ಲಿ ದಿನಾ ಉಂಟು. ಬಾಗಿಲಲ್ಲಿ ಎರಡು ಕಂಚಿನ ನಾಯಿ. ಒಳಗೆ ನಿಜವಾದ ನಾಯಿಗಳು ಜನರ ಕಾಲ ನಡುವೆ ಮಲಗಿದ್ದವು, ಯಾರೂ ಓಡಿಸುವುದಿಲ್ಲ. ಮುತ್ತಪ್ಪನ ಜೊತೆಗಾರ ನಾಯಿ. ಯಾವ ಜಾತಿ, ಯಾವ ಧರ್ಮ ಅಂತ ಯಾರೂ ಕೇಳಲಿಲ್ಲ.

ಚೆಂಡೆ ನಿಂತ ಮೇಲೆ ಮುತ್ತಪ್ಪ ಒಬ್ಬೊಬ್ಬರನ್ನೇ ಹತ್ತಿರ ಕರೆದು, ಕೈ ಹಿಡಿದು ಮಾತಾಡುತ್ತಾನೆ. ಸಾಲಿನಲ್ಲಿ ನಾನು ಸಿದ್ದಾಪುರದ ಹಿಂದೆ ಇದ್ದೆ. ಮುಖದ ಬಣ್ಣ, ಬೆವರು, ಕಿರೀಟದ ಹೂ, ಎಲ್ಲ ಒಂದು ಗೇಣು ದೂರದಲ್ಲಿ. ಅವಳ ಎರಡೂ ಕೈಗಳನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಮುತ್ತಪ್ಪ ಮೆಲ್ಲಗೆ ಏನೋ ಹೇಳಿದ. ಅವಳು ತಲೆಯಾಡಿಸಿದಳು. ಇನ್ನೊಮ್ಮೆ ಹೇಳಿದ. ಇನ್ನೊಮ್ಮೆ ತಲೆಯಾಡಿಸಿದಳು. ಅವಳ ಭುಜ ಅಲುಗುತ್ತಿತ್ತು. ಏನು ಹೇಳಿದ ಅಂತ ನಾವು ಕೇಳಲಿಲ್ಲ.

ಪ್ರಸಾದ ಅಂದರೆ ಬೇಯಿಸಿದ ಕೆಂಪು ಅಲಸಂಡೆ, ತೆಂಗಿನಕಾಯಿ ಚೂರು, ಒಂದು ಲೋಟ ಟೀ. ಅದನ್ನು ತಿಂದು ಕೈ ತೊಳೆಯಲು ಹೊಳೆಯ ಮೆಟ್ಟಿಲಿಗೆ ಹೋದೆವು. ಕತ್ತಲಲ್ಲಿ ಹೊಳೆ ಅಗಲವಾಗಿ, ಎಣ್ಣೆ ಸುರಿದ ಹಾಗೆ ಹೋಗುತ್ತಿತ್ತು. ಸಿದ್ದಾಪುರ ನಮಗಿಂತ ಒಂದು ಮೆಟ್ಟಿಲು ಕೆಳಗೆ ಇಳಿದು ನೀರು ಮುಟ್ಟಿದಳು. ಮುಖ ತೊಳೆದುಕೊಂಡಳು.

ಭಾನುವಾರ

ಸೋಮವಾರದವರೆಗೆ ಇರುವುದು ಅಂತ ಮಾತಾಗಿತ್ತು. ಬೆಳಗ್ಗೆ ನಾಲ್ವರೂ ತೆಂಗಿನ ನೆರಳಿನಲ್ಲಿ ಚಾಪೆ ಹಾಕಿ ಮಲಗಿದ್ದೆವು. ಸುಂಟಿಕೊಪ್ಪ ಹೇಳುತ್ತಿದ್ದಳು, ಕಾರ್ಕ್‌ನಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬಂದು ಬೆಳಗ್ಗೆ ಪರದೆ ಎಳೆದು ಮಲಗುವಾಗ ಒಂದೊಂದು ಸಲ ಮಾತಾಡಲು ಕನ್ನಡವೇ ಸಿಗದೆ ಸುಮ್ನೆ ಹಾಸ್ಟೆಲಿನ ರೂಮಿನ ಮಂಚಗಳನ್ನು ಲೆಕ್ಕ ಹಾಕುತ್ತಾಳಂತೆ. ಯಾವ ಮಂಚ ಯಾರದು, ಕಿಟಕಿ ಯಾವ ಕಡೆ. ನಾನೂ ಮಾಡುತ್ತೇನೆ, ಅಂದೆ. ಈ ಮಾತನ್ನು ಫೋನಿನಲ್ಲಿ ಎಷ್ಟು ವರ್ಷವಾದರೂ ಹೇಳಿಕೊಳ್ಳಲು ಆಗುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಶೆಟ್ಟಿಗೇರಿಯ ಅವ್ವನ ಫೋನ್ ಬಂತು. ಬ್ರಹ್ಮಗಿರಿಯ ಮೇಲೆ ಮೋಡ ಕಟ್ಟುತ್ತಿದೆ. ಭಾನುವಾರವಾದ್ದರಿಂದ ಲೈನಿನ ಕೆಲಸದವರೆಲ್ಲ ಸಂತೆಗೆ ಹೋಗಿದ್ದಾರೆ. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರೇ ಇದ್ದಾರೆ.

ಶೆಟ್ಟಿಗೇರಿ ಏನೂ ಹೇಳುವ ಮೊದಲೇ ಸಿದ್ದಾಪುರ ಚಾಪೆ ಮಡಚಿದಳು. ಇಪ್ಪತ್ತು ನಿಮಿಷದಲ್ಲಿ ಹೊರಟೆವು. ಚೇಚಿ ಐಸ್ ಹಾಕಿದ ಡಬ್ಬದಲ್ಲಿ ಮತ್ತಿ ಮೀನು ತುಂಬಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಕೂಟುಪುಳ ದಾಟುವಾಗಲೇ ಗಾಳಿ ತಣ್ಣಗಾಗಿತ್ತು. ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ.

ಕಣ ತಲುಪಿದಾಗ ನಾಲ್ಕು ಗಂಟೆ. ಮೋಡ ತೋಟದ ಸಿಲ್ವರ್ ಮರಗಳ ತುದಿಗೆ ಬಂದಿತ್ತು. ಅವ್ವ ಮತ್ತು ರೈಟರ್ ಮರದ ಹಲಗೆಯಿಂದ ಕಾಫಿ ಗುಡ್ಡೆ ಮಾಡುತ್ತಿದ್ದರು. ಅರ್ಧವೂ ಆಗಿರಲಿಲ್ಲ. ನಾವು ಬ್ಯಾಗು ಇಳಿಸದೆ ಕಣಕ್ಕೆ ಇಳಿದೆವು. ನಾನೂ ಸುಂಟಿಕೊಪ್ಪನೂ ಹಲಗೆ ಎಳೆದೆವು, ಸಿದ್ದಾಪುರ ಪೊರಕೆಯಲ್ಲಿ ಅಂಚಿನದನ್ನು ಗುಡಿಸಿ ತಂದಳು. ಒಣಗಿದ ಕಾಫಿ ಉರುಳುವಾಗ ಬೆಣಚುಕಲ್ಲಿನ ಮೇಲೆ ನೀರು ಹರಿದ ಹಾಗೆ ಸದ್ದು ಬರುತ್ತದೆ. ಟಾರ್ಪಾಲು ಎಳೆದು, ನಾಲ್ಕು ಮೂಲೆಗೂ ಕಲ್ಲು ಹೇರಿ, ಬದಿಯಲ್ಲಿ ನೀರು ಹೋಗಲು ಕಾಲುವೆ ಬಿಡಿಸಿ ಮುಗಿಸುವಾಗ ಮೊದಲ ಹನಿ ನನ್ನ ಮುಂಗೈ ಮೇಲೆ ಬಿತ್ತು. ದಪ್ಪ ಹನಿ. ಜಗಲಿ ಹತ್ತುವಷ್ಟರಲ್ಲಿ ಜೋರಾಯಿತು.

ಚಪ್ಪಲಿ ಬಿಟ್ಟಾಗ ಜಗಲಿಯ ನೆಲದ ಮೇಲೆ ಮರಳು ಉದುರಿತು. ಅವ್ವ ಗುಡಿಸಲು ಬಂದರು. ಶೆಟ್ಟಿಗೇರಿ ಬೇಡ ಅಂದಳು.

ಸೋಮವಾರ

ಬೆಳಗ್ಗೆ ಆರು ಗಂಟೆಗೇ ಅವಳು ಅಂಗಳದ ಮಳೆ ಅಳತೆಯ ಡಬ್ಬದಿಂದ ನೀರನ್ನು ಗಾಜಿನ ಕೊಳವೆಗೆ ಸುರಿದು ಬೆಳಕಿಗೆ ಹಿಡಿದಿದ್ದಳು. ನಮ್ಮಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲೇ ಹೇಳುವುದು.

"ಒಂದು ಇಂಚು ಹತ್ತು ಸೆಂಟು!" ಅಂತ ಅಲ್ಲಿಂದಲೇ ಕೂಗಿದಳು. ಹೂವಿಗೆ ಅಷ್ಟು ಸಾಕು. ಟಾರ್ಪಾಲಿನ ಕೆಳಗೆ ಕೈ ಹಾಕಿ ನೋಡಿದೆವು. ಕಾಫಿ ಒಣಗಿಯೇ ಇತ್ತು, ಸ್ವಲ್ಪ ಬೆಚ್ಚಗೂ ಇತ್ತು.

ಮತ್ತಿ ಸಾರು, ನೂಪುಟ್ಟು ತಿಂದು ನಾಲ್ವರೂ ತೋಡಿನವರೆಗೆ ನಡೆದೆವು. ರಾತ್ರಿಯ ಮಳೆಗೆ ನೀರು ಸ್ವಲ್ಪ ಏರಿ, ಕೆಂಪಗಾಗಿ, ಒಣಗಿದ ಎಲೆಗಳನ್ನು ತಿರುಗಿಸುತ್ತ ಹೋಗುತ್ತಿತ್ತು. ಸಿದ್ದಾಪುರ ಒಂದು ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟಳು.

"ಇದು ಕಣ್ಣೂರು ಮುಟ್ಟಲು ಎಷ್ಟು ದಿನ ಬೇಕು?" ಅಂತ ಕೇಳಿದಳು.

ಶೆಟ್ಟಿಗೇರಿ ಯೋಚಿಸಿದಳು. "ನಮಗಿಂತ ತಡ. ಪಳಶ್ಶಿಯಲ್ಲಿ ನಿಂತು ಹೋಗ್ಬೇಕಲ್ಲ."